ರಾಶಿಗೊಂದು

ದಾವಣಗೆರೆ ಮಾರ್ಕೆಟ್ ಯಾರ್ಡಿನಲ್ಲಿ ಮಧ್ಯಾಹ್ನ ಎರಡಕ್ಕೆ
ಟೆಂಡರ್ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದವಳು ನಾನು.
ಮೆಕ್ಕೆಜೋಳದ ಧೂಳು ಕೂತ ಚೀಟಿಗಳು:
ಅಂಗಡಿ ನಂಬರು, ರಾಶಿ ನಂಬರು, ದರ.
ಕೆಲವರ ದರ ಎಷ್ಟು ಸಣ್ಣಕ್ಷರದಲ್ಲಿ ಇರುತ್ತಿತ್ತೆಂದರೆ
ಬರೆದ ಕೈಗೇ ನಾಚಿಕೆಯಾದಂತೆ.

ರಾಶಿವಾರು ಕಟ್ಟು ಮಾಡಿ, ಒಂದೊಂದು ಕಟ್ಟಿನಲ್ಲೂ
ಎಲ್ಲಕ್ಕಿಂತ ದೊಡ್ಡ ಅಂಕಿ ಹುಡುಕಿ
ಕೆಂಪು ಶಾಯಿಯ ಸುತ್ತು ಎಳೆಯುವುದು.
ಇಪ್ಪತ್ತಾರು ವರ್ಷ, ಅಷ್ಟೇ ಕೆಲಸ.
ಹಮಾಲಿ ಉಚ್ಚಂಗೆಪ್ಪ ನನ್ನ ಬೆರಳ ತುದಿ ನೋಡಿ
"ಹಾಲಕ್ಕಾ, ಇವತ್ತು ಎಷ್ಟು ಮಂದೀನ ಗೆಲ್ಲಿಸ್ದಿ?" ಅನ್ನುತ್ತಿದ್ದ.

ಈಗ ಶಾಯಿ ಇಲ್ಲ. ಹರಪನಹಳ್ಳಿ ಕಡೆಯ ಹುಡುಗ ಕೊಟ್ರೇಶಿ
ಕಂಪ್ಯೂಟರಿನಲ್ಲಿ ಹೊಸದೊಂದು ಕಾಲಂ ತೆರೆದ.
ದೊಡ್ಡದಕ್ಕೆ ಒಂದು, ಉಳಿದದ್ದಕ್ಕೆ ಸೊನ್ನೆ,
ಒಂದು ಇದ್ದಲ್ಲಿ ಪುಟ್ಟ ಹಳದಿ ಬಾವುಟ.
ಮೊದಲ ದಿನ ಗುಂಡಿ ಒತ್ತಿದ.
ನೂರಾ ಹನ್ನೆರಡು ರಾಶಿ, ಎಂಟುನೂರು ಚಿಲ್ಲರೆ ಚೀಟಿ,
ಪರದೆ ತುಂಬ ಸೊನ್ನೆ ಸೊನ್ನೆ ಸೊನ್ನೆ,
ಎಲ್ಲೋ ಕೆಳಗೆ, ಅರವತ್ತೇಳನೆಯ ರಾಶಿಯಲ್ಲಿ,
ಒಂದೇ ಒಂದು ಬಾವುಟ.

"ಸರಿ ಐತಲ್ಲಕ್ಕಾ, ಎಲ್ಲಕ್ಕಿಂತ ದೊಡ್ಡದು ಅದೇ."
"ಯಾವ ಎಲ್ಲಕ್ಕಿಂತ?" ಅಂದೆ.

ಹೊರಗೆ ಉಳಿದ ರಾಶಿಗಳ ಮಗ್ಗುಲಲ್ಲಿ
ಗೋಣಿಚೀಲ ಹಾಸಿಕೊಂಡು ಕೂತವರಿದ್ದರು.

ನನಗೆ ನೆನಪಾದದ್ದು ಎಂಟನೆಯ ಕ್ಲಾಸು, 'ಸಿ' ಸೆಕ್ಷನ್ನು.
'ಸಿ' ಅಂದರೆ ಮಂಡಕ್ಕಿ ಭಟ್ಟಿಯ ಮಕ್ಕಳು,
ಯೂನಿಫಾರ್ಮಿಗೂ ಹೊಗೆಯ ವಾಸನೆ.
'ಎ' ಸೆಕ್ಷನ್ನಿನಲ್ಲಿ ತೊಂಬತ್ತು ತೆಗೆದವಳು ನಾಲ್ಕನೆಯವಳು.
ನನಗೆ ಗಣಿತದಲ್ಲಿ ಅರವತ್ತೊಂದು.
ಸರೋಜಿನಿ ಟೀಚರು ಮೂರು ಪಟ್ಟಿ ಬೇರೆ ಬೇರೆ ಅಂಟಿಸಿ
ಮೂರರಲ್ಲೂ ಒಂದೊಂದು ಹೆಸರಿಗೆ ಸುತ್ತು ಹಾಕಿದ್ದರು.
ಭಟ್ಟಿಯಿಂದ ನೇರ ಬಂದ ಅಪ್ಪ
ಮರಳು ಮೆತ್ತಿದ ಕೈ ಬೆನ್ನ ಹಿಂದೆ ಕಟ್ಟಿಕೊಂಡು
ಆ ಸುತ್ತನ್ನು ತುಂಬ ಹೊತ್ತು ನೋಡಿದ.
ಪಕ್ಕದ ಪಟ್ಟಿಯನ್ನೂ ನೋಡಿದ, ನಾನು ಕಂಡೆ.
ಏನೂ ಅನ್ನಲಿಲ್ಲ.
ಮನೆಗೆ ಹೋಗುವಾಗ ಸೈಕಲ್ಲಿನ ಮುಂದೆ ಕೂರಿಸಿಕೊಂಡ.

"ಮೊದಲು ಬೇರೆ ಮಾಡು ತಮ್ಮಾ, ಆಮೇಲೆ ದೊಡ್ಡದು ಹುಡುಕು."

ಮಾಡಿದ. ಬಾವುಟಗಳು ಸಾಲಾಗಿ ಎದ್ದವು.
ಎಣಿಸಿದರೆ ನೂರಾ ಹದಿನೈದು!
ಮೂರು ರಾಶಿಗೆ ಇಬ್ಬಿಬ್ಬರು ಒಂದೇ ದರ ಬರೆದಿದ್ದರು.
ಯಂತ್ರಕ್ಕೆ ಇಬ್ಬರೂ ದೊಡ್ಡವರು, ಅದರದ್ದೇನೂ ತಪ್ಪಿಲ್ಲ,
ಆದರೆ ಜೋಳ ಒಂದೇ ಲಾರಿ ಹತ್ತಬೇಕು.
ಚೀಟಿಯ ಬೆನ್ನಿಗಿರುವ ಗಂಟೆ ನೋಡು ಅಂದೆ.
ಒಬ್ಬ ಶೆಟ್ರು ಸೋತದ್ದು ನಾಲ್ಕು ನಿಮಿಷಕ್ಕೆ.
ಇನ್ನು ಆ ಅರವತ್ತೇಳು:
ಎರಡು ಸಾವಿರದ ನೂರಾ ಎಂಬತ್ತಾರಕ್ಕೆ
ಯಾರದೋ ಕೈ ಸೊನ್ನೆಯೊಂದನ್ನು ಹೆಚ್ಚಿಗೆ ಬಿಟ್ಟಿತ್ತು.
ಇಡೀ ಯಾರ್ಡಿಗೆ ದೊಡ್ಡವನಾಗಿ ಮೆರೆದದ್ದು
ಒಂದು ಜಾರಿದ ಪೆನ್ನು.

ನಲವತ್ತೊಂದನೆಯ ರಾಶಿಗೆ ಬಂದದ್ದು ಒಂದೇ ಚೀಟಿ,
ಸಾವಿರದ ಇನ್ನೂರ ನಲವತ್ತು. ಕಾಳು ಹಸಿ.
ಅದರ ಮೇಲೂ ಬಾವುಟ ಇತ್ತು.
ಕಿಟಕಿಗೆ ಬಂದ ಮಾಯಕೊಂಡದ ಸಿದ್ದವ್ವ ಕೇಳಿದಳು:
"ಇದೇನವ್ವಾ, ಅರಿಶಿನದ ಬೊಟ್ಟು?"
"ನಿನ್ನ ರಾಶಿಗೆ ಬಂದ ದೊಡ್ಡ ರೇಟು."
"ಸಣ್ಣದು ಎಷ್ಟು?"
"ಅದೂ ಇದೇ."
ಸೆರಗು ಬಾಯಿಗೆ ಒತ್ತಿ ನಕ್ಕಳು. ಕೊಟ್ರೇಶಿಯೂ ನಕ್ಕ.
"ಹಂಗಾರೆ ನಾ ಕೊಡಂಗಿಲ್ಲ. ಇನ್ನೆರಡು ಬಿಸಿಲು ತೋರಿಸ್ತೀನಿ."

ಬಾವುಟ ಇದ್ದೂ ಮಾರದ ರಾಶಿಗೆ
ಹುಡುಗನ ಬಳಿ ಕಾಲಂ ಇರಲಿಲ್ಲ. ನನ್ನ ಮುಖ ನೋಡಿದ.
ನಾನು ಕಿಟಕಿಯಾಚೆ ನೋಡುತ್ತಿದ್ದೆ:
ಸಿಮೆಂಟು ಕಟ್ಟೆಯ ಮೇಲೆ ಜೋಳ ಹರವಿ
ಬರಿಗಾಲನ್ನು ಎಳೆಯುತ್ತ, ಸಾಲು ಹಾಕುತ್ತ
ಅವಳು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು,
ಬಿಸಿಲು ಎತ್ತ ಹೋಗುತ್ತದೋ ಅತ್ತ.