ಎಡಬಾಗಿಲು

ಒಂಬತ್ತು ವರ್ಷ ಸಹಿಸಿದೆ.
ಮೃದಂಗ ಶುರುವಾದರೆ ಸಾಕು, ಎಡಬಾಗಿಲೊಳಗೆ
ಬೆಂಕಿಪೊಟ್ಟಣಕ್ಕೆ ಬಿದ್ದ ಜೀರುಂಡೆ.

ಆಟೋ ಕಾಂಪ್ಲೆಕ್ಸಿನ ಜಬೀವುಲ್ಲಾ
ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ
ಬಾಗಿಲಿನ ಅಂಗಿ ಬಿಚ್ಚಿದ.
ಒಳಗೆ ಕೆಮ್ಮಣ್ಣು, ಎಂದೋ ಕಳೆದ ನನ್ನ ಹೇರ್‌ಪಿನ್ನು,
ಮತ್ತೆ ಆ ಸ್ಪೀಕರು.
"ಕಂಪನಿಯವರ ಕೊಡುಗೆ ಮೇಡಂ, ಬರೀ ಕಾಗದ,"
ಹೆಬ್ಬೆರಳಲ್ಲಿ ಒತ್ತಿದ. ಹಳೇ ಹಪ್ಪಳದ ಹಾಗೆ
ಅಂಚು ಮುರಿಯಿತು.

ಹೊಸದಕ್ಕೆ ಬೆನ್ನಲ್ಲಿ ಗುಂಡುಕಲ್ಲಿನಂಥ ಅಯಸ್ಕಾಂತ.
ತೂತಿಗೆ ಕೂರಲಿಲ್ಲ; ಪ್ಲೈವುಡ್ಡಿನ ಬಳೆ ಕೊರೆದು ಕೂರಿಸಿದ.
ತಗಡಿಗೆ ಕಪ್ಪು ಹಾಳೆ ಅಂಟಿಸಿ ಗುದ್ದಿದ:
ಠಣ್ ಅನ್ನಲಿಲ್ಲ, ದಬ್ ಅಂದಿತು.

ಗಾಜನೂರು ದಾಟುವಾಗ ಹಾಕಿದೆ.
ಪಲ್ಲವಿಗೆ ಮುಂಚೆ ಆಕೆ ಉಸಿರೆಳೆದುಕೊಳ್ಳುತ್ತಾಳೆ!
ಇಷ್ಟು ವರ್ಷ ಉಸಿರಾಡಲೂ ಬಿಡದೆ ಹಾಡಿಸಿದ್ದೆನಲ್ಲ.

ಮಂಡಗದ್ದೆಯ ತಿರುವಿನಲ್ಲಿ
ಜಾಕು, ಡಿಕ್ಕಿಯ ಕೊಂಡಿ, ಸೀಟಿನಡಿಯ ಸ್ಪ್ಯಾನರು,
ಗದ್ದಲದ ಮರೆಯಲ್ಲಿ ಅಡಗಿದ್ದವು
ಒಂದೊಂದೇ ಬಾಯಿಬಿಟ್ಟವು.

ದೂರು ಹೇಳಲು ಹೋದರೆ
ಅಂಗಡಿಯ ಮೊಳೆಯಲ್ಲಿ ನನ್ನ ಹಳೆಯದು,
ಅಂಚಿಗೆ ಸೈಕಲ್ ಟ್ಯೂಬಿನ ತೇಪೆ,
ಭದ್ರಾವತಿ ಆಕಾಶವಾಣಿಯ ವಾರ್ತೆ ಗೊರಗೊರ.
"ಈ ಸದ್ದು ಕಿವಿಗೆ ಹಿಂಸೆ ಆಗೋಲ್ವಾ?" ಅಂದೆ.
ಸ್ಕ್ರೂ ತುಟಿಯಿಂದ ತೆಗೆದು ಕೇಳಿದ:
"ಯಾವ ಸದ್ದು ಮೇಡಂ?"