ಹಿಡಿಯಕ್ಕಿ

ಸ್ಲೇಟುಗಣಿ ಮುಚ್ಚಿದ ಊರು, ವೇಲ್ಸಿನ ಬಡಗಣ ಮೂಲೆ.
ಇದ್ದ ಮೂರು ಚಾಪೆಲ್ಲುಗಳಲ್ಲಿ ಒಂದು ಈಗ ಕಾರ್ಪೆಟ್ ಅಂಗಡಿ.
ಇನ್ನೊಂದರ ಗೋಡೆಗೆ ಬಣ್ಣದ ಗೂಟ ಬಡಿದಿದ್ದಾರೆ,
ಹುಡುಗರು ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ.
ಮೇಲಕ್ಕೇ ತಾನೆ, ಅನ್ನುತ್ತಾನೆ ಇಡ್ವಾಲ್, ಹೋಗಲಿ.

ಮೂರನೆಯದರ ಬೀಗದ ಕೈ
ರೆಮ್ರುವಾತಿಯ ಕೋಟಿನ ಜೇಬಿನಲ್ಲಿ.
ಮಿಜೋ ಗುಡ್ಡದವಳು. ಎರಡು ವರ್ಷದ ವೀಸಾ.
ನೀರಿಳಿಯದ ಬೂಟು ಇನ್ನೂ ಕೊಂಡಿಲ್ಲ.

ಭಾನುವಾರ ಎಂಟು ಜನ,
ಗ್ವೆನ್ಲಿಯನ್‌ಗೆ ಸೊಂಟ ಹಿಡಿದರೆ ಏಳು.
ಬೆಂಚಿಗೆ ಒರಗಿಸಿದ ಫೋನಿನೊಳಗೆ ಮಾತ್ರ
ಐಜಾಲಿನ ಮುನ್ನೂರು ಮಂದಿ; ಅಲ್ಲಿ ಆಗಲೇ ಸಂಜೆ.

ಅವಳು ಹಾಡಿದ್ದು ಅವಳ ಭಾಷೆಯಲ್ಲಿ.
ರಾಗ, ಇಡ್ವಾಲನ ಅಜ್ಜಿ
ಹಿಟ್ಟು ನಾದುತ್ತ ಗುನುಗುತ್ತಿದ್ದದ್ದು.
'ಇದನ್ನು ನಿಮಗೆ ಯಾರು ಕೊಟ್ಟರು?'
'ನಿಮ್ಮ ಕಡೆಯವನೊಬ್ಬ. ಜ್ವರದಲ್ಲಿ ತೀರಿಕೊಂಡ.
ನಮ್ಮ ಗುಡ್ಡದಲ್ಲೇ ಇದ್ದಾನೆ.'

ಹೀಟರಿಗೆ ನಾಣ್ಯ ಹಾಕಬೇಕು. ಅವಳೇ ಹಾಕುತ್ತಾಳೆ.
ದುಡ್ಡು ಎಲ್ಲಿಯದೆಂದು ಗ್ವೆನ್ಲಿಯನ್ ಕೆದಕಿದಾಗ ಹೇಳಿದಳು:
ನಮ್ಮಲ್ಲಿ ಒಲೆಗೆ ಅನ್ನ ಇಡುವ ಮೊದಲು
ಹೆಂಗಸರು ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾರೆ,
ಎರಡೂ ಹೊತ್ತು. ಕೂಡಿಸಿ ಮಾರುತ್ತಾರೆ.
ನಾನು ಬಂದದ್ದು ಆ ಅಕ್ಕಿಯ ಮೇಲೆ.

ಮುದುಕಿ ಕೈಗವಸು ಬಿಚ್ಚಿ
ಕೆಂಪಗೆ ಕಾದ ಕಂಬಿಗಳಿಗೆ ಅಂಗೈ ಒಡ್ಡಿದಳು.
ಬೆರಳು ಒಮ್ಮೆ ಮಡಚಿ, ಬಿಡಿಸಿ, ಮತ್ತೆ ಮಡಚಿ
ಎಷ್ಟು ಹಿಡಿಸೀತೆಂದು ನೋಡುವವಳ ಹಾಗೆ.

ಆಮೇಲೆ ಅಂದಳು:
ಇವತ್ತಿನ ಉಪದೇಶ ಉದ್ದವಾಯಿತು.
ನಿನ್ನ ಬೂಟು ಎಷ್ಟನೇ ನಂಬರು?