ಪಟ್ಟಿ

ದುರ್ಗಿಗುಡಿಯಲ್ಲಿ, ಸೈಕಲ್ ಅಂಗಡಿಯ ಮೇಲೆ,
ಹನ್ನೊಂದು ಮೆಟ್ಟಿಲು ಹತ್ತಿದರೆ ನಮ್ಮ ಸಂಘ.
ಬೋರ್ಡಿನಲ್ಲಿ ಅಕ್ಷರ ಇಲ್ಲ, ಮೂರು ಗೀಟು ಮಾತ್ರ,
ತೋಳಿನ ಮೇಲಿರುವಂತೆ, ಮೂತಿ ಕೆಳಗೆ.
ದಾರಿ ತಪ್ಪಿ ಬಂದವರು
ಟೈಲರ್ ಅಂಗಡಿಯೇ ಎಂದು ಕೇಳುತ್ತಾರೆ.

ಶುರುವಾದದ್ದು ಎಪ್ಪತ್ತಮೂರರಲ್ಲಿ.
ಭದ್ರಾವತಿಯ ಕಾರ್ಖಾನೆ ಗೇಟಿನಲ್ಲಿ ರಾತ್ರಿ ಪಾಳಿ ಕಾಯುತ್ತಿದ್ದ
ಮಾಜಿ ಹವಾಲ್ದಾರ್ ಧರ್ಮೋಜಿ ರಾವ್
ಉದ್ದನೆಯ ರಿಜಿಸ್ಟರೊಂದನ್ನು ಕೊಂಡು ತಂದರು, ಕೆಂಪು ಬೆನ್ನಿನದು.
ಮೊದಲ ಪುಟದಲ್ಲಿ ನಿಯಮ, ಅವರದೇ ಕೈಬರಹ:
ಸಾಹೇಬರಿಗೆ ಪ್ರವೇಶವಿಲ್ಲ. ಸುಬೇದಾರರು ಚಹಾಕ್ಕೆ ಬರಬಹುದು.
ಪದಕಗಳನ್ನು ಹೊರಗೆ, ಚಪ್ಪಲಿಯ ಜೊತೆ, ಬಿಡತಕ್ಕದ್ದು.
ಪರೀಕ್ಷೆಗೆ ಒಂದೇ ಪ್ರಶ್ನೆ.

ನಿನ್ನ ಕೈಕೆಳಗಿದ್ದ ಹತ್ತು ಜನ ಯಾರು?
ಹೆಸರು, ಊರು, ಮನೆಯ ಕಾಗದ ಓದಿ
ಯಾವತ್ತು ಸುಮ್ಮನಾದರು, ಅದು.
ಚೀಟಿ ನೋಡುವಂತಿಲ್ಲ. ತಡವರಿಸಬಹುದು.
ತೋಳಿಗೂ ಪಟ್ಟಿ, ಇದಕ್ಕೂ ಪಟ್ಟಿ.

ಎಂಟನೇ ನಂಬರು ಹುಚ್ರಾಯಪ್ಪ, ಶಿಕಾರಿಪುರದವನು,
ಹೇಸರಗತ್ತೆಗಳ ನಾಯಕ್. ಆಳುಗಳ ಹೆಸರು ಮುಗಿಸಿ
ಕತ್ತೆಗಳ ಹೆಸರಿಗೆ ಇಳಿದ; ಯಾರೂ ತಡೆಯಲಿಲ್ಲ.
ಚಂಪಾ ಎಂಬಲ್ಲಿ ಗಂಟಲು ಕಟ್ಟಿತು. ಪಾಸು.

ಎದೆ ತುಂಬ ಬೆಳ್ಳಿ ಇದ್ದವರೊಬ್ಬರು
(ಹೆಸರು ಬೇಡ, ಮಕ್ಕಳು ಇಲ್ಲೇ ಇದ್ದಾರೆ)
ಆರಕ್ಕೆ ನಿಂತರು. ‘ಏಳನೆಯವ… ಎತ್ತರದ ಹುಡುಗ,
ಚೆನ್ನಾಗಿ ಓಡುತ್ತಿದ್ದ’ ಎಂದರು.
ಚಹಾ ಕುಡಿದು, ಲೋಟ ತಾವೇ ತೊಳೆದಿಟ್ಟು, ಇಳಿದು ಹೋದರು.
ಹನ್ನೊಂದು ವರ್ಷ ಬಿಟ್ಟು ಮತ್ತೆ ಹತ್ತಿ ಬಂದರು:
‘ಕೆಂಚಯ್ಯ. ತರೀಕೆರೆ ಹತ್ತಿರ. ಅವನ ತಂಗಿಯನ್ನು ಕಂಡು ಬಂದೆ.’
ಮೂವತ್ತೊಂದನೇ ನಂಬರು ಅವರದು.

ಜಗಳವೂ ಆಯಿತು. ಎಂಬತ್ತೊಂಬತ್ತರಲ್ಲಿ ಇಸ್ಪೀಟಿನ ಕಾರಣಕ್ಕೆ
ಸಂಘ ಎರಡಾಗಿ, ಒಂದು ಗುಂಪು ಎದುರಿನ ಹೋಟೆಲಿನಲ್ಲಿ ಕೂತು
ಏಳು ತಿಂಗಳು ನಮ್ಮ ಕಿಟಕಿಯನ್ನೇ ನೋಡುತ್ತಿತ್ತು.
ಅದನ್ನೂ ಬರೆದಿದೆ, ಮಸಿ ಬೇರೆ.

ನಾನು ಈಗಿನ ಕಾರಕೂನ, ಸಿಗ್ನಲ್ಸಿನ ನಾಯಕ್, ನಂಬರು ನಲವತ್ತು.
ಹೋದ ಆಷಾಢದಲ್ಲಿ ರಜೆಗೆ ಬಂದಿದ್ದಳು ರಿಪ್ಪನ್‌ಪೇಟೆಯ ಶ್ಯಾಮಿಲಿ,
ಮಿಲಿಟರಿ ಪೊಲೀಸು, ಲ್ಯಾನ್ಸ್ ನಾಯಕ್,
ತೋಳಿನ ಪಟ್ಟಿಯ ದಾರ ಇನ್ನೂ ಹೊಸದು.
‘ಹತ್ತಿಲ್ಲ ಸಾರ್, ನನ್ನ ಕೆಳಗೆ ನಾಲ್ಕೇ ಜನ.’
ನಾಲ್ಕೂ ಹೇಳಿದಳು, ಒಬ್ಬಳ ಹಲ್ಲುನೋವನ್ನೂ ಸೇರಿಸಿ.
ಬರೆದುಕೊಳ್ಳಲು ರಿಜಿಸ್ಟರು ತೆರೆದರೆ ಬೆರಳಿಟ್ಟಳು:
‘ಒಂದನೇ ನಂಬರು ಯಾಕೆ ಖಾಲಿ?’

ಧರ್ಮೋಜಿ ರಾಯರು ಸದಸ್ಯರಾಗಲೇ ಇಲ್ಲ.
ಪ್ರಶ್ನೆ ಬರೆದವರು, ಮೂವತ್ತು ವರ್ಷ ಚಹಾ ಕಾಸಿದವರು.
ಒಂಬತ್ತು ಹೆಸರು ಅವರಿಗೆ ನಿದ್ದೆಯಲ್ಲೂ ಬರುತ್ತಿದ್ದವು.
ಹತ್ತನೆಯವ ಬಂದದ್ದು ಡಿಸೆಂಬರಿನ ಒಂದು ಸಂಜೆ:
ಟ್ರಕ್ಕಿನಿಂದ ಇಳಿದ, ತಟ್ಟೆ ಒಡ್ಡಿದ, ಮಲಗಿದ.
ಹೆಸರು ಬೆಳಗಾದ ಮೇಲೆ ಕೇಳೋಣ ಎಂದುಕೊಂಡರಂತೆ.
ಶೆಲ್ಲು ಅದಕ್ಕೂ ಮುಂಚೆ ಬಿತ್ತು.

ರೆಕಾರ್ಡ್ ಆಫೀಸಿಗೆ ಬರೆದರು. ಉತ್ತರವೂ ಬಂತು.
ಆ ದಿನ ಆ ಕಂಪನಿಗೆ ಬಂದು ಸೇರಿದವರು ಮೂವರು,
ಮೂವರೂ ಉಳಿಯಲಿಲ್ಲ. ಮೂರು ಹೆಸರು, ಟೈಪು ಮಾಡಿದ್ದು.
‘ಒಂದು ನಿಜ,’ ಎಂದರು ರಾಯರು, ‘ಎರಡು ಸುಳ್ಳು.
ಆಗುವುದಿಲ್ಲ.’
ಸ್ಟೌವಿಗೆ ಪಂಪು ಹೊಡೆಯಲು ಕೂತರು.

ಇಷ್ಟು ಹೇಳುವ ಹೊತ್ತಿಗೆ ಕೆಳಗೆ ಯಾರೋ
ಟ್ಯೂಬಿಗೆ ಗಾಳಿ ತುಂಬುತ್ತಿದ್ದರು.
ಶ್ಯಾಮಿಲಿ ಆ ಹಾಳೆಯೊಂದನ್ನೇ ಎತ್ತಿ ಕಿಟಕಿಗೆ ಹಿಡಿದಳು.
ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಬರೆದು, ಅಳಿಸಿ
ಒಂದನೇ ಸಾಲಿನಲ್ಲಿ ಕಾಗದ
ಈರುಳ್ಳಿ ಸಿಪ್ಪೆಯಷ್ಟು ಸವೆದಿತ್ತು.
ಅದರೊಳಗಿಂದ ಎದುರಿನ ಹೋಟೆಲಿನ ದೀಪ ಕಂಡಿತು.

‘ನಲವತ್ತೆಂಟು ಅಂತ ಬರೀರಿ ಸಾರ್,’ ಎಂದಳು,
‘ಬಸ್ಸಿಗೆ ಹೊತ್ತಾಯಿತು.’